ಇಂಚು ಕೇಳ್ತಾರೆ, ನಾನು ಅಗಲ ತೋರಿಸ್ತೀನಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ ಇದೆ. ರೇಟು ಕೇಳಿದ ಮೇಲೆ ಗಿರಾಕಿಗಳ ಮುಂದಿನ ಮಾತು ಹೆಚ್ಚಾಗಿ ಒಂದೇ: "ಸ್ಕ್ರೀನ್ ದೊಡ್ಡದು ಇದ್ದದ್ದು ತೋರಸ್ರಿ." 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಫೋನೇ ಟಿವಿ ಆಯ್ತು, ಅಲ್ವಾ? ಕೇಳುವುದು ಸಹಜ.

ಆದರೆ ಡಬ್ಬಿ ಮೇಲಿನ ಇಂಚು ನೋಡಿ ನಾನು ಮಾಲು ತರಿಸುವುದಿಲ್ಲ. ಇಂಚು ಅಂದರೆ ಸ್ಕ್ರೀನಿನ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಅಳತೆ. ಮೊದಲು 16:9 ಸ್ಕ್ರೀನ್, ಅಂದರೆ ಉದ್ದ 16 ಪಾಲಾದರೆ ಅಗಲ 9 ಪಾಲು, ಮಾಮೂಲಿ ಇತ್ತು. 2017ರ ಸುಮಾರಿಗೆ ಉದ್ದನೆಯವು ಶುರುವಾದವು, ಈಗ 20:9 ಸಾಮಾನ್ಯ. ಹಳೆಯ 5.5 ಇಂಚಿನ ಸ್ಕ್ರೀನಿನ ಅಗಲ ಸುಮಾರು 2.7 ಇಂಚು. 20:9ರ 6.5 ಇಂಚಿನದು ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆಯೇ! ಒಂದು ಇಂಚು ಜಾಸ್ತಿ ಸಿಕ್ಕಿತು ಅಂದುಕೊಂಡವರಿಗೆ ಸಿಕ್ಕಿದ್ದು ಬರೀ ಉದ್ದ.

ಹಳ್ಳಿಯಿಂದ ಬಂದ ಕಾಕಾ ಒಬ್ಬರಿಗೆ ಇದನ್ನೇ ತೋರಿಸಿದೆ. ಅವರ ಹಳೆ ಫೋನು, ನನ್ನ ಡೆಮೋ ಪೀಸು, ಎರಡನ್ನೂ ಕೌಂಟರ್ ಮೇಲೆ ಅಡ್ಡ ಇಟ್ಟು ಒಂದೇ ವಿಡಿಯೊ ಹಾಕಿದೆ. ಹೊಸದರಲ್ಲಿ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ, ನಡುವೆ ಚಿತ್ರ. "ಎರಡೂ ಅಷ್ಟೇ ಅದಾವಲ್ಲೋ ತಮ್ಮಾ!" ಅಂದರು. ಆಮೇಲೆ ಹೊಸದರಲ್ಲಿ ಅಕ್ಷರ ದೊಡ್ಡದು ಮಾಡಿ ವಾಟ್ಸಾಪ್ ತೆಗೆದೆ. ಉದ್ದ ಇರುವುದರಿಂದ ಅಷ್ಟು ದಪ್ಪ ಅಕ್ಷರದಲ್ಲೂ ನಾಲ್ಕಾರು ಮೆಸೇಜು ಒಟ್ಟಿಗೆ ಕಾಣುತ್ತಿದ್ದವು. ಕೊನೆಗೆ ಹೊಸದನ್ನೇ ಒಯ್ದರು. ಕಾರಣ ಕೇಳಿದರೆ, ಹಳೆಯದರ ಬ್ಯಾಟರಿ ಸಂಜೆತನಕ ಬರುವುದಿಲ್ಲವಂತೆ.

ವ್ಯಾಪಾರದ ಗುಟ್ಟು ಇಲ್ಲೇ ಇದೆ. ದೊಡ್ಡ ಫೋನಿನೊಳಗೆ ದೊಡ್ಡ ಬ್ಯಾಟರಿಗೆ ಜಾಗ ಸಿಗುತ್ತದೆ. ಹಾಗಾಗಿ ಅಂಥ ಫೋನು ಮಾರಾಟವಾದರೆ ಸ್ಕ್ರೀನ್ ನೋಡಿ ಕೊಂಡರೋ ಬ್ಯಾಟರಿ ನೋಡಿಯೋ ಹೇಳುವುದು ಕಷ್ಟ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಂತೂ ಇಂಚಿಗಿಂತ ಬ್ರೈಟ್‌ನೆಸ್ ಮುಖ್ಯ. ತೊಗರಿ ಮಾರಿ ಕೈಯಲ್ಲಿ ದುಡ್ಡಿಟ್ಟುಕೊಂಡು ಬರುವ ರೈತರಿಗೆ ಫೋನು ಕೊಟ್ಟು, ರಸ್ತೆಗೆ ಹೋಗಿ ನೋಡಿಕೊಂಡು ಬನ್ನಿ ಅನ್ನುತ್ತೇನೆ.

ಜನಕ್ಕೆ ಎಷ್ಟು ದೊಡ್ಡ ಫೋನು ಬೇಕು ಅನ್ನುವ ಅಂದಾಜು ಕಂಪನಿಗಳಿಗೂ ಸುಲಭಕ್ಕೆ ಸಿಕ್ಕಿಲ್ಲ. ದೊಡ್ಡ ಫೋನು ಯಾರೂ ಕೊಳ್ಳುವುದಿಲ್ಲ ಎಂದು ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ 2010ರಲ್ಲಿ ಹೇಳಿದ್ದರು. ಮರುವರ್ಷವೇ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ಫೋನು ತಂದಿತು. 2014ಕ್ಕೆ ಆಪಲ್ ಕೂಡ 5.5 ಇಂಚಿಗೆ ಬಂತು. ಮುಂದೆ 2020 ಮತ್ತು 2021ರಲ್ಲಿ 5.4 ಇಂಚಿನ ಐಫೋನ್ ಮಿನಿ ಮಾಡಿ, 2022ರಲ್ಲಿ ಅದನ್ನು ಕೈಬಿಟ್ಟು ಆ ಜಾಗಕ್ಕೆ 6.7 ಇಂಚಿನ ಪ್ಲಸ್ ತಂದಿತು.

ಹಾಗಂತ ಸಣ್ಣ ಫೋನು ಯಾರಿಗೂ ಬೇಡ ಅನ್ನಲಾರೆ. ಕಡಿಮೆ ರೇಟಿನಲ್ಲಿ ಸಣ್ಣದು ಬರುವುದೇ ಅಪರೂಪ, ಇಲ್ಲದ್ದನ್ನು ಹೇಗೆ ಕೊಳ್ಳುತ್ತಾರೆ? ಅದಕ್ಕೇ ಮಾರಿದ್ದರ ಜೊತೆ, ಕೇಳಿ ಬರಿಗೈಲಿ ಹೋದವರದ್ದನ್ನೂ ಬರೆದಿಡುತ್ತೇನೆ. ಒಂದೇ ಕೈಯಲ್ಲಿ ಟೈಪ್ ಮಾಡಬೇಕು ಅನ್ನುವ ಕಾಲೇಜು ಹುಡುಗಿಯರು ಆ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತಾರೆ. ಈಗ ಸೆಕೆಂಡ್ ಹ್ಯಾಂಡ್ ಮಿನಿ ಒಳ್ಳೇ ಸ್ಥಿತಿಯಲ್ಲಿ ಸಿಕ್ಕರೆ ಬಿಡುವುದಿಲ್ಲ.