ಕೋಡಿಗೆ ಕಟ್ಟಿದ ಬಲೆ

ನನ್ನ ಜಮೀನಿನಲ್ಲಿರುವ ಅಣೆಕಟ್ಟು ದೊಡ್ಡದೇನಲ್ಲ. 6 ಮೀಟರ್ ಎತ್ತರದ, ಸುಮಾರು 90 ಮೀಟರ್ ಉದ್ದದ ಮಣ್ಣಿನ ಏರಿ, ಅದರ ಒಂದು ತುದಿಗೆ ಕಟ್ಟೆ ತುಂಬಿದಾಗ ಹೆಚ್ಚಿನ ನೀರು ಹೊರಹರಿಯುವ ಕಲ್ಲಿನ ಕೋಡಿ, ನಡುವೆ ಬೇಕಾದಾಗ ತೆರೆದು ನೀರು ಬಿಡುವ ಒಂದು ತೂಬು, ಇಷ್ಟೇ ಅದರ ಸ್ವರೂಪ. ಬೃಹತ್ ಅಣೆಕಟ್ಟುಗಳ ಅಂತರರಾಷ್ಟ್ರೀಯ ಆಯೋಗವು 15 ಮೀಟರ್ ಹಾಗೂ ಅದಕ್ಕಿಂತ ಎತ್ತರದವನ್ನು ದೊಡ್ಡ ಅಣೆಕಟ್ಟುಗಳೆಂದು ಎಣಿಸುತ್ತದೆ. ಆ ಲೆಕ್ಕದಲ್ಲಿ ನನ್ನದು ಯಾವ ಪಟ್ಟಿಗೂ ಸೇರದ ಕಟ್ಟೆ. ಹಾಗಾಗಿ ಅದರ ಒಡೆತನ ನನ್ನ ಕೈಗೆ ಬಂದಾಗ ನಾನು ಯೋಚಿಸಿದ್ದು ಈಜು, ದೋಣಿ, ಮೀನುಗಾರಿಕೆ ಮತ್ತು ಏರಿಯ ಮೇಲಿನ ಸಂಜೆಯ ನಡಿಗೆಯ ಬಗ್ಗೆ ಮಾತ್ರ. ಅಣೆಕಟ್ಟಿನ ಸುರಕ್ಷತೆ ಎಂಜಿನಿಯರುಗಳ ವಿಷಯ, ಬಂದವರ ಸುರಕ್ಷತೆ ನನ್ನ ವಿಷಯ ಎಂದು ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡಿದ್ದೆ. ಇವೆರಡೂ ಒಂದೇ ಎಂದು ತಿಳಿಯಲು ಒಂದು ರಾತ್ರಿಯ ಮಳೆ ಸಾಕಾಯಿತು.

ಮೊದಲ ವರ್ಷ ನಾವು ಕಟ್ಟೆಗೆ ಮೀನುಮರಿಗಳನ್ನು ಬಿಟ್ಟಿದ್ದೆವು. ಕೋಡಿ ಹರಿದರೆ ಮರಿಗಳೆಲ್ಲ ಕೊಚ್ಚಿಹೋಗುತ್ತವೆಂದು ನಾನೇ ಎರಡು ಕಬ್ಬಿಣದ ಗೂಟಗಳನ್ನು ನೆಟ್ಟು ಕೋಡಿಗೆ ಅಡ್ಡಲಾಗಿ ನೈಲಾನ್ ಬಲೆ ಕಟ್ಟಿಸಿದೆ. ಮಳೆ ಜೋರಾದ ರಾತ್ರಿ ಮೇಲಿನಿಂದ ತೇಲಿಬಂದ ಎಲೆ, ಕಡ್ಡಿ, ಜೊಂಡು ಎಲ್ಲವೂ ಆ ಬಲೆಗೆ ಅಂಟಿಕೊಂಡು ಕೋಡಿಯು ಹೆಚ್ಚುಕಡಿಮೆ ಗೋಡೆಯೇ ಆಗಿಬಿಟ್ಟಿತು. ನಾನು ಟಾರ್ಚ್ ಹಿಡಿದು ಹೋಗುವ ಹೊತ್ತಿಗೆ ನೀರು ಏರಿಯ ನೆತ್ತಿಗಿಂತ ಒಂದು ಗೇಣು ಮಾತ್ರ ಕೆಳಗಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ದಡದಲ್ಲಿ ಇಬ್ಬರು ಅದನ್ನು ಹಿಡಿದು ನಿಂತಿರಲು, ಕುಡುಗೋಲಿನಿಂದ ಬಲೆಯ ತುದಿಯನ್ನು ಕೊಯ್ದೆ. ಹಾಗೆ ಮಾಡಿದ್ದು ಸರಿಯಾದ ಕ್ರಮವಲ್ಲ. ಬಲೆಯ ಜೊತೆ ನಾನೂ ಕೋಡಿಯಿಂದ ಕೆಳಗೆ ಹೋಗಬಹುದಿತ್ತು. ಆದರೆ ಮಣ್ಣಿನ ಏರಿಯ ಮೇಲೆ ನೀರು ಉಕ್ಕಿ ಹರಿಯತೊಡಗಿದರೆ ಹೊರಮೈಯ ಮಣ್ಣು ಕೊರೆದುಕೊಂಡು ಹೋಗಿ ಏರಿ ಒಡೆಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಕೆಳಗೆ ಹಳ್ಳದ ಬದಿಯಲ್ಲಿ ಎರಡು ಮನೆಗಳಿದ್ದವು.

ಆಮೇಲೆ ಓದಿದಾಗ ತಿಳಿದದ್ದೇನೆಂದರೆ, ಈ ತಪ್ಪನ್ನು ಮೊದಲು ಮಾಡಿದವನು ನಾನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟು ಮೀನುಗಾರಿಕೆ ಮತ್ತು ಬೇಟೆಯ ಖಾಸಗಿ ಕ್ಲಬ್ ಒಂದರ ಒಡೆತನದಲ್ಲಿತ್ತು. ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹಾಕಿದ್ದರು. ಏರಿಯ ಮೇಲೆ ಗಾಡಿಗಳು ಓಡಾಡಲು ಅನುಕೂಲವಾಗಲೆಂದು ಅದರ ನೆತ್ತಿಯನ್ನು ತಗ್ಗಿಸಿದ್ದರು. ಹಿಂದಿನ ಒಡೆಯರ ಕಾಲದಲ್ಲಿ ಕಿತ್ತುಹಾಕಿದ್ದ, ನೀರು ಹೊರಬಿಡುವ ಕೊಳವೆಗಳನ್ನು ಮತ್ತೆ ಹಾಕಿರಲಿಲ್ಲ. 1889ರ ಮೇ 31ರಂದು ಅದು ಒಡೆದು, ಕೆಳಗಿನ ಜಾನ್ಸ್‌ಟೌನ್ ಪಟ್ಟಣದಲ್ಲಿ ಮತ್ತು ಸುತ್ತಮುತ್ತ 2,209 ಜನ ಸತ್ತರು. ಆ ಬದಲಾವಣೆಗಳಲ್ಲಿ ಒಂದೊಂದೂ ಯಾರದೋ ವಿಹಾರದ ಅನುಕೂಲಕ್ಕಾಗಿ ಅಥವಾ ಖರ್ಚು ಉಳಿಸಲು ಆದದ್ದು ಎಂಬುದೇ ನನ್ನನ್ನು ಇಂದಿಗೂ ಕಾಡುತ್ತದೆ. ಅಂದಿನಿಂದ ಯಾರು ಯಾವ ಹೊಸ ಸೌಕರ್ಯ ಕೇಳಿದರೂ, ಇದು ಏರಿಯನ್ನು, ಕೋಡಿಯನ್ನು ಅಥವಾ ತೂಬನ್ನು ಮುಟ್ಟುತ್ತದೆಯೇ ಎಂಬುದನ್ನು ಮೊದಲು ನೋಡುತ್ತೇನೆ.

ಒಬ್ಬ ಅನುಭವಿ ಎಂಜಿನಿಯರನ್ನು ಕರೆಸಿದಾಗ ಅವರು ಮಾಡಿದ ಮೊದಲ ಕೆಲಸವೆಂದರೆ ನನ್ನನ್ನು ಏರಿಯ ಹೊರಮೈಯ ಬುಡದಲ್ಲಿ ನಡೆಸಿಕೊಂಡು ಹೋದದ್ದು. ಅಷ್ಟು ದಿನ ನಾನು ನೀರಿರುವ ಕಡೆಯನ್ನಷ್ಟೇ ನೋಡುತ್ತಿದ್ದೆ. ಕಟ್ಟೆಯ ಆರೋಗ್ಯ ಕಾಣುವುದು ನೀರಿಲ್ಲದ ಕಡೆಯಲ್ಲಿ. ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ, ಜಿನುಗುವ ನೀರು ತಿಳಿಯಾಗಿದ್ದು ಅದರ ಪ್ರಮಾಣ ಬದಲಾಗದಿದ್ದರೆ ಗಾಬರಿ ಬೇಡ, ಆದರೆ ನೀರು ಕದಡಿ ಬಂದರೆ ಏರಿಯ ಒಳಗಿನ ಮಣ್ಣೇ ಹೊರಬರುತ್ತಿದೆ ಎಂದು ತಿಳಿಯಬೇಕು ಎಂದು ಅವರು ವಿವರಿಸಿದರು. ಜಿನುಗು ನೀರೆಲ್ಲ ಒಂದು ಸಣ್ಣ ಕಾಲುವೆಗೆ ಸೇರುವಂತೆ ಮಾಡಿ, ಅದಕ್ಕೆ 90 ಡಿಗ್ರಿಯ ‘ವಿ’ ಆಕಾರದ ಕಚ್ಚು ಇರುವ ತಗಡನ್ನು ಅಡ್ಡ ನಿಲ್ಲಿಸಿದೆವು. ಕಚ್ಚಿನಲ್ಲಿ ನೀರು 5 ಸೆಂಟಿಮೀಟರ್ ನಿಂತರೆ ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರ್ ಹರಿಯುತ್ತದೆ, 10 ಸೆಂಟಿಮೀಟರ್ ನಿಂತರೆ ಸುಮಾರು 4.4 ಲೀಟರ್, ಎಂದರೆ ಎತ್ತರ ಇಮ್ಮಡಿಯಾದರೆ ಹರಿವು ಐದೂವರೆ ಪಟ್ಟಿಗೂ ಮೀರುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ಈ ಅಳತೆಯನ್ನೂ ಕಟ್ಟೆಯ ನೀರಿನ ಮಟ್ಟವನ್ನೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಬರೆಯುತ್ತೇನೆ. ಮಟ್ಟ ಏರದೆ ಜಿನುಗು ಮಾತ್ರ ಏರಿದರೆ ಅಂದೇ ಎಂಜಿನಿಯರಿಗೆ ಫೋನ್ ಮಾಡಬೇಕೆಂಬುದು ನಮ್ಮ ಒಪ್ಪಂದ.

ಏರಿಯ ಮೇಲೆ ನೆರಳಿನ ಮರ ನೆಟ್ಟು ಕೆಳಗೆ ಬೆಂಚು ಹಾಕಬೇಕೆಂಬುದು ಬಂದವರೆಲ್ಲರ ಬೇಡಿಕೆ. ಬೇರು ಏರಿಯೊಳಗೆ ಇಳಿದು, ಮರ ಸತ್ತ ಮೇಲೆ ಕೊಳೆತರೆ ಅದೇ ನೀರಿಗೆ ಕೊಳವೆಯಾಗುತ್ತದೆ, ಗಾಳಿಗೆ ಮರ ಉರುಳಿದರೆ ಬುಡದ ಮಣ್ಣನ್ನೂ ಕಿತ್ತುಕೊಂಡು ಹೋಗುತ್ತದೆ. ಆದ್ದರಿಂದ ಏರಿಯ ಮೇಲೆ ಗಿಡ್ಡ ಹುಲ್ಲಿಗೆ ಮಾತ್ರ ಅವಕಾಶ. ಹುಲ್ಲು ಗಿಡ್ಡವಾಗಿದ್ದರೆ ಹೆಗ್ಗಣದ ಬಿಲ, ಬಿರುಕು, ಕುಸಿತ ಬೇಗ ಕಣ್ಣಿಗೆ ಬೀಳುತ್ತವೆ. ಬೆಂಚುಗಳನ್ನು ಎದುರು ದಡದಲ್ಲಿ ಹಾಕಿದ್ದೇವೆ. ನೋಟವೂ ಅಲ್ಲಿಂದಲೇ ಚೆನ್ನ.

ನನ್ನ ಎರಡನೆಯ ತಪ್ಪು ಇನ್ನೂ ನಾಚಿಕೆಗೇಡಿನದು, ಏಕೆಂದರೆ ಅದು ಬಲೆಯ ಪಾಠ ಕಲಿತ ಮೇಲೆ ಆದದ್ದು. ಒಮ್ಮೆ ನೆಂಟರು ಬರುವ ಮುನ್ನ ಮರಳಿನ ದಡ ಹೆಚ್ಚು ಅಗಲವಾಗಿ ತೆರೆದುಕೊಳ್ಳಲೆಂದು ತೂಬನ್ನು ಎರಡು ರಾತ್ರಿ ಪೂರ್ತಿ ತೆರೆದಿಟ್ಟೆ. ಮೂರನೆಯ ದಿನ ಏರಿಯ ಒಳಮೈಯಲ್ಲಿ ಸುಮಾರು 8 ಮೀಟರ್ ಉದ್ದಕ್ಕೆ ಮಣ್ಣು ಕಲ್ಲುಹಾಸಿನ ಸಮೇತ ಜಾರಿತ್ತು. ಕಟ್ಟೆಯ ನೀರು ಬೇಗ ಇಳಿದರೂ ಏರಿಯ ಮಣ್ಣಿನೊಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಹೊರಗಿನಿಂದ ಒತ್ತಿಹಿಡಿದಿದ್ದ ನೀರು ಹೋದಮೇಲೆ ನೆನೆದು ಭಾರವಾದ ಮಣ್ಣಿಗೆ ಆಸರೆ ಇರುವುದಿಲ್ಲ. ಈಗ ನಾವು ದಿನಕ್ಕೆ 30 ಸೆಂಟಿಮೀಟರಿಗಿಂತ ಹೆಚ್ಚು ನೀರು ಇಳಿಸುವುದಿಲ್ಲ.

ಬಂದವರಿಗೆ ಅತ್ಯಂತ ಅಪಾಯಕಾರಿಯಾದ ಜಾಗ ಯಾವುದೆಂದು ಕೇಳಿದರೆ ಎಲ್ಲರೂ ನಡುಗಟ್ಟೆಯ ಆಳದತ್ತ ಕೈ ತೋರಿಸುತ್ತಾರೆ. ನನ್ನ ಮಟ್ಟಿಗೆ ಅವು ತೂಬಿನ ಬಾಯಿ ಮತ್ತು ಕೋಡಿಯ ಬುಡ. 3 ಮೀಟರ್ ಆಳದಲ್ಲಿ, 30 ಸೆಂಟಿಮೀಟರ್ ವ್ಯಾಸದ ತೆರೆದ ತೂಬಿನ ಬಾಯಿಗೆ ಯಾರದಾದರೂ ಮೈ ಅಡ್ಡ ಸಿಕ್ಕಿಕೊಂಡರೆ ಅದನ್ನು ಒತ್ತಿಹಿಡಿಯುವ ಭಾರ 200 ಕಿಲೋಗೂ ಹೆಚ್ಚು. ಯಾವ ಈಜುಗಾರನೂ ಅದರಿಂದ ಬಿಡಿಸಿಕೊಳ್ಳಲಾರ, ಮತ್ತು ಮೇಲ್ಮೈಯಲ್ಲಿ ಒಂದು ಸುಳಿಯೂ ಕಾಣದೆ ಇರಬಹುದು. ಅದಕ್ಕಾಗಿ ತೂಬಿನ ಬಾಯಿಯ ಸುತ್ತ, ಬಾಯಿಗಿಂತ ಹಲವು ಪಟ್ಟು ಅಗಲವಾದ ಕಬ್ಬಿಣದ ಪಂಜರ ಕೂರಿಸಿದ್ದೇವೆ. ಪಂಜರ ಅಗಲವಾದಷ್ಟೂ ಅದರ ಕಂಬಿಗಳ ಬಳಿ ಸೆಳೆತ ಕಡಿಮೆ. ಯಾರಾದರೂ ನೀರಿನಲ್ಲಿ ಇರುವಾಗ ತೂಬಿನ ಚಕ್ರಕ್ಕೆ ಬೀಗ ಹಾಕಿರುತ್ತದೆ, ಕೀಲಿ ನನ್ನ ಕೈಯಲ್ಲಿರುತ್ತದೆ.

ಕೋಡಿಯ ಬುಡದ ಅಪಾಯವನ್ನು ಮಾತಿನಲ್ಲಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಏಕೆಂದರೆ ಅಲ್ಲಿ ನೀರು ಬೀಳುವ ಎತ್ತರ ಒಬ್ಬ ಮನುಷ್ಯನ ಎದೆಯಷ್ಟೂ ಇಲ್ಲ. ಒಮ್ಮೆ ಕೋಡಿ ಹರಿಯುತ್ತಿದ್ದಾಗ ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನನ್ನು ಮೇಲಿನಿಂದ ಬಿಟ್ಟು ತೋರಿಸಿದೆ. ಅದು ಬಿದ್ದು, ಮುಳುಗಿ, ಎರಡು ಮಾರು ದೂರದಲ್ಲಿ ಮೇಲೆದ್ದು, ಮತ್ತೆ ಕೋಡಿಯ ಕಡೆಗೇ ತೇಲಿಬಂದು ಮುಳುಗಿತು. ಮುಕ್ಕಾಲು ಗಂಟೆಯಾದರೂ ಅಲ್ಲೇ ಉರುಳುತ್ತಿತ್ತು. ತೇಲಬೇಕಾದ ಕ್ಯಾನಿನ ಪಾಡೇ ಹೀಗಾದರೆ ಮನುಷ್ಯನ ಗತಿ ಏನೆಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಈಗ ಕೋಡಿಯಿಂದ ಸಾಕಷ್ಟು ಮೇಲೆಯೇ ತೇಲುಬುಂಡೆಗಳ ಸಾಲು ಇದೆ; ದೋಣಿಯಾಗಲಿ ಈಜುಗಾರರಾಗಲಿ ಅದನ್ನು ದಾಟುವಂತಿಲ್ಲ. ಆ ಸಾಲನ್ನು ನೀರಿಗೆ ಓರೆಯಾಗಿ ಹಾಕಿದ್ದೇವೆ, ಅದಕ್ಕೆ ತಗುಲಿದವರು ತಾನಾಗಿಯೇ ದಡದ ಕಡೆಗೆ ಸರಿಯುತ್ತಾರೆ.

ಉಳಿದ ನಿಯಮಗಳು ಸರಳ. ದೋಣಿ ಹತ್ತುವವರಿಗೆ, ಈಜು ಬಂದರೂ ಬಾರದಿದ್ದರೂ, ಲೈಫ್ ಜಾಕೆಟ್ ಕಡ್ಡಾಯ. ಕುಡಿದವರಿಗೆ ನೀರಿಗಿಳಿಯಲು ಅನುಮತಿ ಇಲ್ಲ. ಕತ್ತಲಾದ ಮೇಲೆ ಯಾರಿಗೂ ಇಲ್ಲ. ಮಕ್ಕಳು ನೀರಿನಲ್ಲಿರುವಾಗ ಒಬ್ಬ ದೊಡ್ಡವರು ಫೋನ್ ಬದಿಗಿಟ್ಟು ನೋಡುತ್ತ ಕೂರಬೇಕು ಎಂಬುದನ್ನು ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುತ್ತೇನೆ, ಏಕೆಂದರೆ ಮುಳುಗುವವರು ಕೂಗುವುದು ಅಪರೂಪ. ಉಸಿರಿಗೇ ಪರದಾಡುವ ಬಾಯಿಗೆ ಕೂಗಲು ಬಿಡುವಿರುವುದಿಲ್ಲ. ದಡದಲ್ಲಿ ಉದ್ದನೆಯ ಬಿದಿರು ಗಳ ಮತ್ತು ಹಗ್ಗ ಕಟ್ಟಿದ ತೇಲುಬಳೆ ಸದಾ ಇರುತ್ತವೆ. ಮೊದಲು ಗಳ ಚಾಚಬೇಕು, ಆಗದಿದ್ದರೆ ಹಗ್ಗ ಎಸೆಯಬೇಕು, ಅದೂ ಆಗದಿದ್ದರೆ ದೋಣಿ. ತರಬೇತಿ ಇಲ್ಲದವರು ಹಾರಬಾರದು. ಕೆಳಗಿನ ಎರಡೂ ಮನೆಯವರ ಫೋನ್ ಸಂಖ್ಯೆಗಳನ್ನು ತೂಬಿನ ಮನೆಯ ಬಾಗಿಲ ಒಳಗಡೆ ಬಣ್ಣದಲ್ಲಿ ಬರೆಸಿದ್ದೇನೆ, ಕಾಗದ ತೇವಕ್ಕೆ ಉಳಿಯುವುದಿಲ್ಲ.

ಏರಿಯಿಂದ ನೀರಿಗೆ ಹಾರಲು ಹಲಗೆ ಬೇಕೆಂದು ಹುಡುಗರು ಪ್ರತಿ ವರ್ಷ ಕೇಳುತ್ತಾರೆ. ನಮ್ಮ ಕಟ್ಟೆಯ ಮಟ್ಟ ವರ್ಷದಲ್ಲಿ 2 ಮೀಟರ್ ಏರಿಳಿಯುತ್ತದೆ, ಕಳೆದ ತಿಂಗಳು ಆಳವಿದ್ದ ಜಾಗದಲ್ಲಿ ಈ ತಿಂಗಳು ಕಲ್ಲುಹಾಸು ಇರುತ್ತದೆ, ಹಾಗಾಗಿ ಅದಕ್ಕೆ ಒಪ್ಪಲಿಲ್ಲ. ಬದಲಾಗಿ ಈಜುವ ಜಾಗದಲ್ಲಿ ಒಂದು ತೇಲುವ ಜಗಲಿ ಮಾಡಿಸಿ, ಕುಳಿತು ಕಾಲು ಇಳಿಬಿಡಲು ಮಾತ್ರ ಎಂದು ಅದರ ಮೇಲೆ ಬರೆಸಿದ್ದೇನೆ. ಅದನ್ನು ಅವರು ಎಷ್ಟು ಪಾಲಿಸುತ್ತಾರೆಂಬುದು ನಾನು ಎದುರು ದಡದಲ್ಲಿ ಕೂತಿದ್ದೇನೆಯೇ ಎಂಬುದರ ಮೇಲೆ ನಿಂತಿದೆ. ಮಳೆಗಾಲಕ್ಕೆ ಮುಂಚೆ ಆ ಜಗಲಿಯನ್ನೂ ದೋಣಿಗಳನ್ನೂ ದಡಕ್ಕೆಳೆದು ಮರಕ್ಕೆ ಬಿಗಿಯುತ್ತೇವೆ. ಹಗ್ಗ ಕಳಚಿದರೆ ಅವು ತೇಲಿಹೋಗಿ ನಿಲ್ಲುವುದು ಕೋಡಿಯ ಬಾಯಲ್ಲೇ.