ಮಲ್ಪೆಯಿಂದ ಆಳಕಡಲಿಗೆ: ಹಕ್ಕಿ ಮತ್ತು ತಿಮಿಂಗಿಲ ನೋಡುವ ನನ್ನ ಕ್ರಮ

ಮಲ್ಪೆ ದಕ್ಕೆಯಿಂದ ಕಡಲಹಕ್ಕಿ ನೋಡಲು ಹೊರಡುವವರು ಮಾಡುವ ಮೊದಲ ತಪ್ಪು, ರಜೆ ನೋಡಿ ದಿನ ಗೊತ್ತುಮಾಡುವುದು. ದಿನ ಗೊತ್ತುಮಾಡಬೇಕಾದದ್ದು ಗಾಳಿ. ತಿಮಿಂಗಿಲದ ಉಸಿರಿನ ಚಿಲುಮೆ ದೂರದಿಂದ ಕಾಣಲು ನೀರು ಅಲೆಯಿಲ್ಲದೆ ಶಾಂತವಾಗಿರಬೇಕು. ಆದರೆ ಗಾಳಿಯೇ ಇಲ್ಲದ ದಿನ ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳು ಹಾರದೆ ನೀರಿನ ಮೇಲೆ ಕೂತುಬಿಡುತ್ತವೆ; ಅಲೆಗಳ ನಡುವೆ ಕೂತ ಕಂದು ಹಕ್ಕಿ ಯಾರ ಕಣ್ಣಿಗೂ ಬೀಳದು. ಎರಡಕ್ಕೂ ರಾಜಿಯಾಗಿ ನಾನು 8ರಿಂದ 12 ನಾಟ್ (ಗಂಟೆಗೆ ಸುಮಾರು 15ರಿಂದ 22 ಕಿ.ಮೀ.) ಗಾಳಿಯ ದಿನ ಆರಿಸುತ್ತೇನೆ. 15 ದಾಟಿತೋ, ಕಂಡ ಬಿಳಿ ನೊರೆಯೆಲ್ಲ ತಿಮಿಂಗಿಲವೇ!

ಜೂನ್–ಜುಲೈನ 61 ದಿನ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅದು ಮುಗಿದು ಕಡಲು ಸ್ವಲ್ಪ ಇಳಿದ ಮೇಲೆ, ಸೆಪ್ಟೆಂಬರ್ ಒಳ್ಳೆಯ ಕಾಲ. ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಅಲೆಯೆತ್ತರದ ಮುನ್ಸೂಚನೆಯ ಜೊತೆಗೆ ಮೀನು ಸಿಗಬಹುದಾದ ಜಾಗದ ಸೂಚನೆಯನ್ನೂ ನೋಡಿಕೊಳ್ಳಿ. ನೀರಿನ ಉಷ್ಣತೆ, ಹಸಿರು ಪಾಚಿ ನೋಡಿ ಅದನ್ನು ತಯಾರಿಸುತ್ತಾರೆ, ಮೀನಿದ್ದಲ್ಲಿ ಹಕ್ಕಿ. ಉಪಗ್ರಹದ ಲೆಕ್ಕವಾದ್ದರಿಂದ ಮೋಡ ಕವಿದರೆ ಅದು ಸಿಗುವುದಿಲ್ಲ. ಆಗ ಬೋಟು ನಡೆಸುವ ತಂಡೇಲರ ಮಾತೇ ಗತಿ, ಮತ್ತು ಅದು ಬಹಳ ಸಲ ಉಪಗ್ರಹಕ್ಕಿಂತ ವಾಸಿ. ಕರಾವಳಿ ಕಾವಲು ಪೊಲೀಸರಿಗೆ ಮೊದಲೇ ತಿಳಿಸಿ. ಆಧಾರ್ ಪ್ರತಿ, ತಲೆಗೊಂದು ಲೈಫ್ ಜಾಕೆಟ್ ಇಲ್ಲದೆ ಬೋಟು ಹತ್ತಬೇಡಿ.

ಬೆಳಗ್ಗೆ ಆರಕ್ಕೆ ಹೊರಟು 8 ನಾಟ್ ವೇಗದಲ್ಲಿ ಹೋದರೆ ಮೂರು ತಾಸಿಗೆ ಸುಮಾರು 45 ಕಿ.ಮೀ. ಅಳಿವೆ ಬಾಗಿಲಲ್ಲಿ ಬೆನ್ನಿಗೆ ಗೂನಿರುವ ಹಂಪ್‌ಬ್ಯಾಕ್ ಡಾಲ್ಫಿನ್ ಸಿಗಬಹುದು. ಅಲ್ಲೇ ನಿಂತುಬಿಡಬೇಡಿ, ಹೊತ್ತು ಹೋಗುತ್ತದೆ. ಮುಂದೆ ನೊರೆ, ಕಸ, ಮರದ ತುಂಡು ಸಾಲಾಗಿ ತೇಲುವ ಗೆರೆ ಕಂಡರೆ ಅದರುದ್ದಕ್ಕೇ ಬೋಟು ಬಿಡಿಸಿ. ಬ್ರೈಡಲ್ಡ್ ಟರ್ನ್ ಎಂಬ ಕಡಲಹಕ್ಕಿ ಕೂರುವುದು ಇಂಥ ತೇಲುವ ಹಲಗೆ, ಥರ್ಮೋಕೋಲಿನ ಮೇಲೆ.

ಸ್ಟಾರ್ಮ್ ಪೆಟ್ರೆಲ್ ಎಂಬ ಪುಟ್ಟ ಕಡಲಹಕ್ಕಿಗೆ ಮಾತ್ರ ಆಮಿಷ ಬೇಕು. ಬೂತಾಯಿ ಮೀನಿನ ತಲೆ, ಕರುಳು ಕೊಚ್ಚಿದ್ದು 5 ಕೆಜಿ, ಮೀನೆಣ್ಣೆ ಒಂದು ಲೀಟರ್, ಅರ್ಧ ಕೆಜಿ ಮಂಡಕ್ಕಿ. ಎಣ್ಣೆಯನ್ನು ಮಂಡಕ್ಕಿಗೆ ಕುಡಿಸಿದರೆ ಅದು ತೇಲುತ್ತ ವಾಸನೆ ಬಿಡುತ್ತಿರುತ್ತದೆ. ಎಂಜಿನ್ ನಿಲ್ಲಿಸಿ, ಒಂದೊಂದೇ ಹಿಡಿ ಎಸೆದು ಅರ್ಧ ಗಂಟೆ ಕಾಯಿರಿ. ಈ ಹಕ್ಕಿಗಳು ವಾಸನೆ ಹಿಡಿದು ಬರುವವು, ಹಾಗಾಗಿ ಗಾಳಿ ಬೀಸಿಹೋಗುವ ಕಡೆಗೇ ಕಣ್ಣಿಡಿ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಟರ್ನ್‌ಗಳು ಮುಕ್ಕಿ ಮುಗಿಸುತ್ತವೆ. ಸೊಂಟ ಬೆಳ್ಳಗಿದ್ದು ಕಾಲು ಬಾಲದಾಚೆ ಚಾಚಿದ್ದರೆ ಅಂಟಾರ್ಕ್ಟಿಕದಿಂದ ಬಂದ ವಿಲ್ಸನ್ಸ್. ಮೈಯೆಲ್ಲ ಕಂದು, ಬಾಲ ಕವಲಾಗಿದ್ದರೆ ಜಪಾನ್, ಕೊರಿಯ ಕಡೆಯ ಸ್ವಿನ್‌ಹೋಸ್.

ತಿಮಿಂಗಿಲಕ್ಕೆ ಆಮಿಷವಿಲ್ಲ. ಟರ್ನ್‌ಗಳ ಹಿಂಡು ಒಂದೇ ಕಡೆ ಮುಗಿಬಿದ್ದಿದ್ದರೆ ಅದರ ಕೆಳಗೆ ನೋಡುತ್ತಿರಿ. ಮೂತಿಯ ಮೇಲೆ ಮೂರು ಉದ್ದ ಏಣು, ಹಿಂದಕ್ಕೆ ಬಾಗಿದ ಬೆನ್ನುರೆಕ್ಕೆ ಕಂಡರೆ ಅದು ಬ್ರೈಡ್ಸ್ ತಿಮಿಂಗಿಲ. ಅದು ಮುಳುಗುವಾಗ ಬಾಲ ಎತ್ತುವುದು ಅಪರೂಪ, ಆದ್ದರಿಂದ ಬಾಲದ ಫೋಟೋಗೆ ಕಾದು ಮೂತಿಯದನ್ನು ಕಳೆದುಕೊಳ್ಳಬೇಡಿ. 100 ಮೀಟರ್ ದೂರದಲ್ಲೇ ಎಂಜಿನ್ ನ್ಯೂಟ್ರಲ್‌ಗೆ ಹಾಕಿಸಿ. ಬೆನ್ನಟ್ಟಬಾರದು, ಎದುರು ಅಡ್ಡ ಹೋಗಲೂಬಾರದು. ಬೆನ್ನಟ್ಟಿದರೆ ಅದು ಮುಳುಗಿ ದೂರದಲ್ಲೆಲ್ಲೋ ಏಳುತ್ತದೆ, ನಿಮಗೆ ಉಳಿಯುವುದು ಡೀಸೆಲ್ ಲೆಕ್ಕ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯೂ ಅದಕ್ಕಿದೆ.

ದುರ್ಬೀನು 8x42 ಸಾಕು; 10x ಆದರೆ ಬೋಟಿನ ಕುಲುಕಾಟವೂ ದೊಡ್ಡದಾಗಿ ಕಾಣುತ್ತದೆ. ಟ್ರೈಪಾಡ್ ಮನೆಯಲ್ಲಿರಲಿ. ಕ್ಯಾಮೆರಾದ ಷಟರ್ ವೇಗ 1/2000 ಸೆಕೆಂಡಿಗಿಂತ ಕೆಳಗಿಳಿಸಬೇಡಿ. ವಾಂತಿ ತಡೆಯುವ ಮಾತ್ರೆ ಕಡಲ ಮೇಲೆ ಹೊಟ್ಟೆ ತೊಳಸಿದ ನಂತರ ನುಂಗಿದರೆ ವ್ಯರ್ಥ: ವೈದ್ಯರನ್ನು ಕೇಳಿ, ಹೊರಡುವ ಮೊದಲೇ ತೆಗೆದುಕೊಳ್ಳಿ. ಹೊಗೆಗೊಳವೆಯ ಹತ್ತಿರ ಕೂರಬೇಡಿ. ಆದರೆ ಹೆಚ್ಚಿನವರನ್ನು ಕೆಡವುವುದು ಅಲೆಯೂ ಅಲ್ಲ, ಹೊಗೆಯೂ ಅಲ್ಲ. ತೆಗೆದ ಫೋಟೋಗಳನ್ನು ತಲೆ ಬಗ್ಗಿಸಿ ಕ್ಯಾಮೆರಾ ಪರದೆಯಲ್ಲಿ ನೋಡುತ್ತ ಕೂರುವುದು. ಅವನ್ನು ದಡದಲ್ಲಿ ನೋಡಿ. ಕಪ್ಪು ಶಿಯರ್‌ವಾಟರ್‌ನ ಕೊಕ್ಕು ತೆಳು ಗುಲಾಬಿಯೋ ಬೂದುಬಣ್ಣವೋ, ಅಂದರೆ ಅದು ಯಾವ ಜಾತಿಯದು ಎಂಬುದು ಆ ಪುಟ್ಟ ಪರದೆಯಲ್ಲಿ ಹೇಗೂ ತೀರ್ಮಾನವಾಗದು.