ಸೈಟ್‌ನ ‘ಟಿಕ್’ ನಿಂತಾಗ

ಆಟಿ ತಿಂಗಳಿಡೀ ನನ್ನ ಏರ್ ಪಿಸ್ತೂಲಿನ ಗ್ರೂಪ್, ಅಂದರೆ ಟಾರ್ಗೆಟ್ ಮೇಲೆ ಶಾಟ್‌ಗಳು ಗುಂಪಾಗಿ ಬೀಳುವ ಜಾಗ, ಎಡಕ್ಕೆ ಸರಿಯುತ್ತಿತ್ತು. ಮೊದಲ ಹತ್ತು ಶಾಟ್ ಸರಿಯಾಗಿ ನಡುವಿಗೆ ಬೀಳುತ್ತಿದ್ದವು. ಮೂವತ್ತು ದಾಟುವಷ್ಟರಲ್ಲಿ ಒಂಬತ್ತರ ಎಡ ಅಂಚು. ಏರ್ ಪಿಸ್ತೂಲಿನ 10 ಮೀಟರ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತ ಬರೀ 11.5 ಮಿಲಿಮೀಟರ್, ಚೂರು ಸರಿದರೂ ಅಂಕ ಹೋಯಿತು. ಬೆರಳು ಬದಿಗೆ ಒತ್ತುತ್ತಿದೆ ಅಂದುಕೊಂಡು ಮೂರು ವಾರ ಗೋಡೆಯ ಮುಂದೆ ನಿಂತು ಡ್ರೈ ಫೈರಿಂಗ್, ಅಂದರೆ ಪೆಲೆಟ್ (ಸಣ್ಣ ಸೀಸದ ಗುಂಡು) ಹಾಕದೆ ಟ್ರಿಗರ್ ಒತ್ತುವ ಅಭ್ಯಾಸ, ಮಾಡಿದೆ.

ಒಂದು ಸಂಜೆ ರಿಯರ್ ಸೈಟ್‌ನ, ಅಂದರೆ ಗುರಿ ನೋಡಲು ಪಿಸ್ತೂಲಿನ ಹಿಂಬದಿಯಲ್ಲಿರುವ ಭಾಗದ, ಎಡ ಬಲ ಸರಿಸುವ ಬದಿಯ ಸ್ಕ್ರೂ ತಿರುಗಿಸಿದೆ. ಟಿಕ್ ಅನ್ನಲೇ ಇಲ್ಲ. ಸುಮ್ನೆ ಮೆತ್ತಗೆ ತಿರುಗಿತು.

ಆ ಸ್ಕ್ರೂವಿನ ತಲೆಯ ಅಡಿಯಲ್ಲಿ ಸುತ್ತಲೂ ಗೀರುಗಳಿವೆ. ಸೈಟ್‌ನ ಮೈಯಲ್ಲೊಂದು ಸಣ್ಣ ತೂತು, ಅದರೊಳಗೆ ಸ್ಪ್ರಿಂಗ್, ಸ್ಪ್ರಿಂಗ್ ಮೇಲೆ ಸಾಸಿವೆ ಕಾಳಿನಷ್ಟು ಉಕ್ಕಿನ ಗುಂಡು. ಸ್ಪ್ರಿಂಗ್ ಗುಂಡನ್ನು ಗೀರಿಗೆ ಒತ್ತಿ ಹಿಡಿಯುತ್ತದೆ. ಸ್ಕ್ರೂ ತಿರುಗಿಸಿದಾಗ ಗುಂಡು ಒಂದು ಗೀರಿನಿಂದ ಇನ್ನೊಂದಕ್ಕೆ ಬೀಳುವ ಸದ್ದೇ ಆ ಟಿಕ್. ಆ ಬಿಗಿ ಹೋದರೆ ಪ್ರತಿ ಶಾಟಿನ ಅದುರಿಗೂ ಸ್ಕ್ರೂ ತಾನಾಗಿ ಕೂದಲೆಳೆಯಷ್ಟು ತಿರುಗುತ್ತದೆ. ನಮ್ಮ ಉಡುಪಿಯ ಉಪ್ಪುಗಾಳಿ, ಅದರ ಮೇಲೆ ಮಳೆಗಾಲ. ಇಲ್ಲಿ ಬಾಗಿಲ ಚಿಲಕವೇ ತುಕ್ಕು ಹಿಡಿಯುತ್ತದೆ, ಅಷ್ಟು ತೆಳು ತಂತಿ ಉಳಿದೀತಾ?

ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕು ಅಂತ ಇಬ್ಬರು ಹೇಳಿದರು. ಖಂಡಿತ ಬೇಡ. ಒತ್ತಡ ಜಾಸ್ತಿಯಾದರೆ ಗುಂಡು ಗೀರುಗಳನ್ನೇ ಸವೆಸುತ್ತದೆ. ಮಾಡೆಲ್ ಹೇಳಿ ಅದರದ್ದೇ ಸ್ಪ್ರಿಂಗ್ ತರಿಸಿದೆ. ಕಾಯುವಾಗ ಟೋಕಿಯೊ ಒಲಿಂಪಿಕ್ಸ್ ನೆನಪಾಗುತ್ತಿತ್ತು. 2021ರಲ್ಲಿ ಪಂದ್ಯದ ನಡುವೆಯೇ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು. ರಿಪೇರಿಗೆ ಹೋದ ಸಮಯ ವಾಪಸ್ ಸಿಗಲಿಲ್ಲ, ಫೈನಲ್ ತಪ್ಪಿತು. ಅಂಥ ಆಟಗಾರ್ತಿಗೇ ಹಾಗಾಯಿತಲ್ಲ ಅಂತ ಈಗಲೂ ಸಂಕಟ ಆಗುತ್ತದೆ.

ರಥಬೀದಿ ಹತ್ತಿರ ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಸಣ್ಣ ಚಿಮಟ ಕೇಳಲು ಹೋದರೆ ಪಾಠವನ್ನೂ ಹೇಳಿಕೊಟ್ಟರು. “ಪ್ಲಾಸ್ಟಿಕ್ ಚೀಲದ ಒಳಗೆ ಬಿಚ್ಚು ಮಾರಾಯ. ಹಾರಿದ್ರೆ ಮತ್ತೆ ಸಿಗ್ಲಿಕ್ಕಿಲ್ಲ.”

ಮೊದಲು ಗಾಳಿಯ ಸಿಲಿಂಡರ್ ಕಳಚಿಟ್ಟೆ, ಒಳಗೆ ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿದೆ. ಸೈಟ್ ಬಿಚ್ಚುವ ಮುಂಚೆ ಅದರ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದೆ, ಫೋಟೋ ತೆಗೆದೆ. ಆಮೇಲೆ ದೊಡ್ಡ ಪಾರದರ್ಶಕ ಚೀಲದೊಳಗೆ ಎರಡೂ ಕೈ ಹಾಕಿ ಸ್ಕ್ರೂ ಬಿಚ್ಚಿದೆ. ಗುಂಡು ಹಾರಲಿಲ್ಲ, ತೂತಿನ ಬಾಯಲ್ಲೇ ಕೂತಿತ್ತು. ಸ್ಪ್ರಿಂಗಿಗೆ ಅದನ್ನು ಎತ್ತುವ ಶಕ್ತಿಯೇ ಇರಲಿಲ್ಲ. ಚಿಮಟದಲ್ಲಿ ಎಳೆದಾಗ ಸ್ಪ್ರಿಂಗ್ ಎರಡು ತುಂಡಾಗಿ ಬಂತು, ಬಟ್ಟೆಯ ಮೇಲೆ ಕೆಂಪು ಪುಡಿ ಉದುರಿತು.

ತೂತನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದೆ. ಹೊಸ ಸ್ಪ್ರಿಂಗ್ ಇಳಿಸಿ, ಗುಂಡಿಗೆ ಸೂಜಿಮೊನೆಯಷ್ಟು ಗ್ರೀಸ್ ಹಚ್ಚಿ ಕೂರಿಸಿದೆ. ಗ್ರೀಸ್ ಇದ್ದರೆ ಸ್ಕ್ರೂ ಹಾಕುವ ತನಕ ಗುಂಡು ಅಂಟಿಕೊಂಡಿರುತ್ತದೆ, ತುಕ್ಕಿಗೂ ತಡೆ. ಬೆರಳಿನಿಂದ ಒತ್ತಿ ಹಿಡಿದು ಸ್ಕ್ರೂ ತಿರುಗಿಸಿದೆ. ಟಿಕ್. ಇನ್ನೊಂದು ಟಿಕ್. ಎಷ್ಟು ಖುಷಿಯಾಯಿತು ಅಂದರೆ ಮನೆಯವರನ್ನೂ ಕರೆದು ಕೇಳಿಸಿದೆ.

ಮರುದಿನ ರೇಂಜಿನಲ್ಲಿ ಐದೈದು ಶಾಟ್ ಹೊಡೆದು ನೋಡಿ, ನಡುವಿಗೆ ಬೀಳುವ ಹಾಗೆ ಸೈಟ್ ಹೊಂದಿಸಿದೆ. ಆಮೇಲೆ ಪಂದ್ಯದಂತೆ 60 ಶಾಟ್ ಪೂರ್ತಿ ಹೊಡೆದೆ. ಕೊನೆಯ ಹತ್ತೂ ಮೊದಲ ಹತ್ತರ ಜಾಗದಲ್ಲೇ ಬಿದ್ದವು.

ಮೇಲೆ ಕೆಳಗೆ ಮಾಡುವ ಸ್ಕ್ರೂವಿನಲ್ಲೂ ಇಂಥದ್ದೇ ಸ್ಪ್ರಿಂಗ್ ಇದೆ. ಅದರ ಟಿಕ್ ಇನ್ನೂ ಗಟ್ಟಿ. ಆದರೂ ಒಂದು ತರಿಸಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಟ್ಟಿದ್ದೇನೆ.